ಕುರಾಸಾವ್ ಲೈಸೆನ್ಸು ಮತ್ತು ಬೆಂಗಳೂರಿನ ಪದಬಂಧ

ಇವತ್ತಿನ ಎಪಿಸೋಡ್ ಒಂದೇ ಒಂದು ಸಾಲಿನ ಬಗ್ಗೆ. ಬೆಟ್ಟಿಂಗ್ ಸೈಟ್ ಓಪನ್ ಮಾಡಿ ಕೆಳಗಿನ ತನಕ ಹೋದ್ರೆ, ಸಣ್ಣ ಅಕ್ಷರದಲ್ಲಿ ‘ಕುರಾಸಾವ್ ಲೈಸೆನ್ಸ್ ಪಡೆದ ಕಂಪನಿ’ ಅಂತ ಇರುತ್ತೆ. ಅದನ್ನೇ ತೋರಿಸಿ ‘ಲೀಗಲ್ ಐತಿ ಬಿಡಲೇ’ ಅನ್ನೋರು ನಮ್ಮ ಕಡೆನೂ ಇದ್ದಾರೆ. ಹುನಗುಂದ ಸೀಮೆಯ ರಾಮಥಾಳದಲ್ಲಿ ಕೂತು ಮೊಬೈಲ್ ಒತ್ತುವವನಿಗೆ ಆ ಲೈಸೆನ್ಸ್ ನಿಜವಾಗಿ ಏನು ಕೊಡುತ್ತೆ? ಅದನ್ನ ಇವತ್ತು ನೋಡೋಣ.

ಕುರಾಸಾವ್ ವೆನೆಜುವೆಲಾ ಹತ್ತಿರದ ಒಂದು ಡಚ್ ದ್ವೀಪ. 444 ಚದರ ಕಿ.ಮೀ., ನಮ್ಮ ಬಾಗಲಕೋಟೆ ಜಿಲ್ಲೆಯ ಹತ್ತನೇ ಒಂದು ಭಾಗವೂ ಇಲ್ಲ. ಅಲ್ಲಿ 1993ರಲ್ಲಿ ಒಂದು ಕಾನೂನು ಬಂತು. ಅಂತಾರಾಷ್ಟ್ರೀಯ ಮಾರುಕಟ್ಟೆಗೆ ‘ಸರ್ವಿಸ್ ಲೈನ್’ ಮೂಲಕ, ಅಂದ್ರೆ ಆಗಿನ ಲೆಕ್ಕದಲ್ಲಿ ಫೋನ್ ಲೈನ್ ಮೂಲಕ, ಜೂಜು ನಡೆಸೋಕೆ ಪರವಾನಗಿ ಕೊಡುವ ಕಾನೂನು. ಇಂಟರ್‌ನೆಟ್ ಬಂದ ಮೇಲೆ ಅದೇ ಕಾನೂನಿನ ಕೆಳಗೆ ಆನ್‌ಲೈನ್ ಕ್ಯಾಸಿನೋಗಳೂ ಸೇರಿಕೊಂಡವು. ನಾಲ್ಕು ಕಂಪನಿಗಳ ಕೈಯಲ್ಲಿ ಮಾಸ್ಟರ್ ಲೈಸೆನ್ಸ್ ಇತ್ತು. ಅವು ಬೇರೆಯವರಿಗೆ ಸಬ್‌ಲೈಸೆನ್ಸ್ ಹಂಚುತ್ತಿದ್ದವು. ಹೊಲ ಒಬ್ಬರದು, ಲಾವಣಿ ಇನ್ನೊಬ್ಬರಿಗೆ, ಹಂಗ. ಈ ಪದ್ಧತಿಗೆ ತೆರೆ ಎಳೆದದ್ದು 2024ರ ಡಿಸೆಂಬರ್ 24ರಂದು ಜಾರಿಗೆ ಬಂದ ಹೊಸ ಕಾನೂನು. ಈಗ ಅಲ್ಲಿನ ಗೇಮಿಂಗ್ ಪ್ರಾಧಿಕಾರವೇ ನೇರವಾಗಿ ಲೈಸೆನ್ಸ್ ಕೊಡುತ್ತೆ.

ಗಮನಿಸಿ, ಹಳೆಯದಾಗಲಿ ಹೊಸದಾಗಲಿ, ಆ ಕಾಗದ ಹೇಳೋದು ಇಷ್ಟೇ: ‘ನೀನು ನಮ್ಮ ದ್ವೀಪದಿಂದ ಈ ವ್ಯವಹಾರ ನಡೆಸಬಹುದು’. ದುಡ್ಡು ಬರುವ ಊರಿನ ಕಾನೂನು ಏನು ಅನ್ನೋದನ್ನ ಆ ದ್ವೀಪ ತೀರ್ಮಾನಿಸೋಕೆ ಆಗಲ್ಲ.

ಇಂಥದ್ದೇ ಜಗಳ ಇಂಟರ್‌ನೆಟ್ ಹುಟ್ಟೋಕೂ ಮೊದಲು ನಮ್ಮಲ್ಲೇ ನಡೆದಿತ್ತು. ಆಗ ದ್ವೀಪದ ಜಾಗದಲ್ಲಿ ಇದ್ದದ್ದು ಬೆಂಗಳೂರು!

1952ರ ನಕ್ಷೆ ಕಣ್ಣ ಮುಂದೆ ತಂದುಕೊಳ್ಳಿ. ಹುನಗುಂದ ತಾಲ್ಲೂಕು ಆಗ ವಿಜಾಪುರ ಜಿಲ್ಲೆಯಲ್ಲಿತ್ತು, ವಿಜಾಪುರ ಮುಂಬಯಿ ರಾಜ್ಯದಲ್ಲಿತ್ತು. ರಾಮಥಾಳದವರಿಗೆ ಬೆಂಗಳೂರು ಪರರಾಜ್ಯ. ಆ ಬೆಂಗಳೂರಿನಲ್ಲಿ ‘ಸ್ಪೋರ್ಟಿಂಗ್ ಸ್ಟಾರ್’ ಅನ್ನೋ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ ಆರ್.ಎಂ.ಡಿ.ಸಿ. ಪದಬಂಧ ಸ್ಪರ್ಧೆ. ಶುಲ್ಕ ಕಟ್ಟಿ, ಫಾರಂ ತುಂಬಿ ಕಳಿಸಬೇಕು. ಸಂಪಾದಕರ ಬಳಿ ಇರುವ ಉತ್ತರಕ್ಕೆ ನಿಮ್ಮದು ತಾಳೆಯಾದ್ರೆ ಬಹುಮಾನ. ಕಂಪನಿ ಮೈಸೂರು ರಾಜ್ಯದ್ದು. ಅಲ್ಲಿನ ಕಾಯ್ದೆಯಂತೆ ಲೈಸೆನ್ಸ್ ಪಡೆದು ತೆರಿಗೆಯನ್ನೂ ಕಟ್ಟುತ್ತಿತ್ತು. ಆದರೆ ಪತ್ರಿಕೆ ಮುಂಬಯಿ ರಾಜ್ಯದಲ್ಲೂ ಚೆನ್ನಾಗಿ ಓಡುತ್ತಿತ್ತು. ಫಾರಂ, ದುಡ್ಡು ಸಂಗ್ರಹಿಸೋಕೆ ಅಲ್ಲಿ ಏಜೆಂಟರು, ಡಿಪೋಗಳು ಇದ್ದವು.

ಮುಂಬಯಿಯ 1948ರ ಕಾಯ್ದೆ ಹೊರರಾಜ್ಯದ ಪತ್ರಿಕೆಗಳನ್ನ ಬಿಟ್ಟುಬಿಟ್ಟಿತ್ತು. 1952ರ ತಿದ್ದುಪಡಿ ಆ ವಿನಾಯಿತಿ ತೆಗೆದು ತೆರಿಗೆ ಹಾಕಿತು. ಕಂಪನಿ ಕೋರ್ಟಿಗೆ ಹೋಯಿತು. ವಾದ ಸರಳ: ‘ನಾವು ಮೈಸೂರಿನವರು, ಲೈಸೆನ್ಸ್ ಮೈಸೂರಿನದು, ಮುಂಬಯಿ ಕಾನೂನು ನಮ್ಮನ್ನ ಹೆಂಗ ಮುಟ್ಟುತ್ತೆ?’

ಮುಂಬಯಿ ಹೈಕೋರ್ಟ್‌ನಲ್ಲಿ ಕಂಪನಿ ಗೆದ್ದಿತು. ಆದರೆ 1957ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟ್ ಅದನ್ನ ತಿರುವಿ ಹಾಕಿತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ ಕೇಳಿದ್ದು ಎರಡು ಪ್ರಶ್ನೆ. ವ್ಯವಹಾರಕ್ಕೂ ಆ ರಾಜ್ಯಕ್ಕೂ ಇರುವ ನಂಟು ನಿಜವಾದದ್ದೇ? ಹಾಕಿರುವ ತೆರಿಗೆ ಆ ನಂಟಿಗೆ ಸಂಬಂಧಪಟ್ಟದ್ದೇ? ಆಹ್ವಾನ ಅಲ್ಲಿ ಹರಡಿದೆ, ಫಾರಂ ಅಲ್ಲಿ ತುಂಬಿದ್ದಾರೆ, ದುಡ್ಡು ಅಲ್ಲಿ ಎಣಿಸಿದ್ದಾರೆ. ನಂಟು ಸಾಕು ಅಂದಿತು ಕೋರ್ಟ್. ಜೊತೆಗೆ, ಜೂಜು ಸಂವಿಧಾನ ರಕ್ಷಿಸುವ ‘ವ್ಯಾಪಾರ’ವೇ ಅಲ್ಲ ಅಂತಲೂ ಹೇಳಿತು. ತೀರ್ಪು ಬರುವ ಹೊತ್ತಿಗೆ, 1956ರ ನವೆಂಬರ್ 1ರ ಏಕೀಕರಣದಿಂದ, ಹುನಗುಂದವೂ ಬೆಂಗಳೂರೂ ಒಂದೇ ರಾಜ್ಯ ಆಗಿದ್ದವು. ಗಡಿ ಅಳಿಸಿತ್ತು, ತತ್ವ ಉಳಿಯಿತು.

ಅದೇ ದಿನ ಅದೇ ಕಂಪನಿಯ ಇನ್ನೊಂದು ಕೇಸಿನಲ್ಲಿ ಕೋರ್ಟ್ ಕೌಶಲದ ಸ್ಪರ್ಧೆ ಬೇರೆ, ಜೂಜು ಬೇರೆ ಅಂತ ಗೆರೆ ಎಳೆಯಿತು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ತಿದ್ದುಪಡಿ ಮಾಡಿ ದುಡ್ಡಿನ ಆನ್‌ಲೈನ್ ಆಟಗಳನ್ನ ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನ ರದ್ದು ಮಾಡಿದ್ದಕ್ಕೆ ಈ ಗೆರೆಯೇ ಆಧಾರ.

ಆಮೇಲೆ ಕೇಂದ್ರ ಬಂತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಅಂತ ನೋಡದೆ ದುಡ್ಡಿನ ಆಟಗಳನ್ನ ನಿಷೇಧಿಸುತ್ತೆ. ದೇಶದ ಹೊರಗಿನಿಂದ ನಡೆಸುವ ಸೇವೆಗೂ ಇದು ಅನ್ವಯ ಅಂತ ಕಾಯ್ದೆಯಲ್ಲೇ ಬರೆದಿದೆ. ಬರೀ ಆಡಿದವನಿಗೆ ಶಿಕ್ಷೆ ಇಲ್ಲ. ನಡೆಸಿದವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಇದನ್ನ ಪ್ರಶ್ನಿಸಿದ ಅರ್ಜಿಗಳು ಕರ್ನಾಟಕ ಹೈಕೋರ್ಟ್ ಸೇರಿ ಹಲವೆಡೆಯಿಂದ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಇನ್ನ ಕಾಮರ್ಸ್ ಓದಿದವನಾಗಿ ನನ್ನ ಕಣ್ಣು ಹೋಗೋದು ಲೆಡ್ಜರ್ ಕಡೆ. ದ್ವೀಪದ ಕಂಪನಿಗೆ ಇಲ್ಲಿಂದ ದುಡ್ಡು ಬೇಕಂದ್ರೆ ಇಲ್ಲೊಂದು ಖಾತೆ ಬೇಕು, ಇಲ್ಲೊಂದು ಯುಪಿಐ ಬೇಕು. ಅಂದಿನ ಡಿಪೋ ಮಾಡುತ್ತಿದ್ದ ಕೆಲಸವನ್ನೇ ಇಂದು ‘ಬಾಡಿಗೆ ಅಕೌಂಟ್’ ಮಾಡುತ್ತೆ. ‘ಪಾಸ್‌ಬುಕ್, ಎಟಿಎಂ, ಸಿಮ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀನಿ’ ಅಂತ ಕೇಳೋದು ಕಾಲೇಜು ಹುಡುಗರನ್ನ. ಹೊಸ ಕಾಯ್ದೆ ಹಣದ ವಹಿವಾಟಿಗೆ ನೆರವಾಗುವ ಬ್ಯಾಂಕಿನ ಜೊತೆ ‘ಬೇರೆ ಯಾವುದೇ ವ್ಯಕ್ತಿ’ಯನ್ನೂ ಹೆಸರಿಸುತ್ತೆ. ಕಾನೂನಿಗೆ ನಂಟು ಸಿಗೋದು ಅಲ್ಲೇ, ಆ ಹುಡುಗನ ಪಾಸ್‌ಬುಕ್ಕಿನಲ್ಲಿ.

ಗೆದ್ದ ದುಡ್ಡು ಕೊಡದಿದ್ರೆ? 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಜೂಜಿನ ಒಪ್ಪಂದಕ್ಕೆ ಬೆಲೆ ಇಲ್ಲ. ಗೆದ್ದದ್ದನ್ನ ಕೊಡಿಸಿ ಅಂತ ಇಲ್ಲಿ ದಾವೆ ಹೂಡೋಕೆ ಬರಲ್ಲ.

ಹಂಗಾಗಿ ಯಾರಾದ್ರೂ ಆ ಸಣ್ಣ ಸಾಲು ತೋರಿಸಿದ್ರೆ ಒಂದೇ ಪ್ರಶ್ನೆ ಕೇಳ್ರಿ: ‘ಲೈಸೆನ್ಸ್ ಅಲ್ಲಿಂದು, ಸರಿ. ಅಕೌಂಟ್ ಯಾರದು?’

ಅಕೌಂಟ್ ಬಾಡಿಗೆ ಕೇಳಿಸಿಕೊಂಡ ಗೆಳೆಯ ನಿಮಗಿದ್ರೆ ಈ ಎಪಿಸೋಡ್ ಅವನಿಗೆ ಕಳಿಸಿ. ಮುಂದಿನ ವಾರ ಸಿಗೋಣ್ರಿ.