ಜನಗಣತಿಯಲ್ಲಿ ಉಮ್ಮನ ಅಜ್ಜಿ

ಉಮ್ಮನ ಅಜ್ಜಿ ಚಂದ್ರಗಿರಿ ಹೊಳೆಯ ದಂಡೆಯಲ್ಲಿ ನೆನೆಹಾಕಿದ ತೆಂಗಿನ ಸಿಪ್ಪೆ ಬಡಿದು ಹಗ್ಗ ಹೊಸೆಯುತ್ತಿದ್ದರು. 1931ರ ಜನಗಣತಿಯಲ್ಲಿ ಅವರ ಹೆಸರು ಸಿಕ್ಕೀತೆಂದು ಹುಡುಕಲು ಹೊರಟೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಕೇರಳಕ್ಕೆ ಸೇರಿದ್ದು 1956ರಲ್ಲಿ. ಹಾಗಾಗಿ ನೋಡಬೇಕಾದದ್ದು ಮದ್ರಾಸಿನ ಸಂಪುಟಗಳನ್ನು.

ಸಂಪುಟ ಸಿಕ್ಕಿತು, ಹೆಸರಿಲ್ಲ. ಇಂಗ್ಲೆಂಡಿನಲ್ಲಿ 1921ರ ಗಣತಿಯ ಮನೆಮನೆಯ ಹಾಳೆಗಳನ್ನು ನೂರು ವರ್ಷ ಕಳೆದ ಮೇಲೆ, 2022ರಲ್ಲಿ, ಜನರಿಗೆ ತೆರೆದರು. ಅಲ್ಲಿನ ಗಿರಣಿ ಕೂಲಿಯ ಮರಿಮಗಳಿಗೆ ಮುತ್ತಜ್ಜನ ಹೆಸರು, ಕಸುಬು, ಕೆಲಸ ಕೊಟ್ಟ ಧಣಿಯ ಹೆಸರು ಎಲ್ಲವೂ ಸಿಗುತ್ತದೆ. ನಮ್ಮಲ್ಲಿ ಗಣತಿದಾರರು ಬರೆದುಕೊಂಡ ಹಾಳೆಗಳು ಲೆಕ್ಕ ಮುಗಿದ ಮೇಲೆ ಉಳಿಯಲಿಲ್ಲ. ಉಳಿದದ್ದು ಬರೀ ಅಂಕಿ. ಆ ವರ್ಷ ಜನರನ್ನು ಸಂಪಾದಿಸುವವರು, ದುಡಿಯುವ ಅವಲಂಬಿತರು, ದುಡಿಯದ ಅವಲಂಬಿತರು ಎಂದು ವಿಂಗಡಿಸಿದ್ದರು. ಹಗ್ಗ ಮಾರಿ ಅಕ್ಕಿ ತರುತ್ತಿದ್ದ ಅಜ್ಜಿಯನ್ನು ಯಾವ ಕಾಲಮಿಗೆ ಹಾಕಿದರೋ! ಬಾಗಿಲಲ್ಲಿ ನಿಂತು ಉತ್ತರ ಕೊಟ್ಟದ್ದು ಮನೆಯ ಗಂಡಸೇ ಇರಬೇಕು.

ಅವರ ಹೆಸರು ಕೊನೆಗೂ ಸಿಕ್ಕಿದ್ದು ಮಸೀದಿಯ ಹಳೇ ನಿಕಾಹ್ ಪುಸ್ತಕದಲ್ಲಿ, ಅರಬಿ-ಮಲಯಾಳ ಲಿಪಿಯಲ್ಲಿ. ಉಸ್ತಾದರು ಓದಿ ಹೇಳಿದರು. ಪಕ್ಕದಲ್ಲಿ ಅವರ ತಂದೆಯ ಹೆಸರೂ ಇತ್ತು. ಅದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.