ಚಕ್ರ ಎಷ್ಟು ಇಳಿಯಬೇಕು?

ನಮ್ಮ ಮನೆಯಲ್ಲಿರುವುದು ಮಹೀಂದ್ರದ ಹಳೆಯ ಸಿಜೆ-3ಬಿ ಜೀಪು. ಅಪ್ಪ ಕೊಳ್ಳುವ ಹೊತ್ತಿಗೇ ಅದು ಇಬ್ಬರ ಕೈ ದಾಟಿ ಬಂದಿತ್ತು. ಸಕಲೇಶಪುರದ ಕಡೆಯ ನಮ್ಮ ತೋಟದಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣುದಾರಿ, ನಡುವೆ ಒಂದು ಹಳ್ಳ, ಹಳ್ಳದಾಚೆ ಒಂದು ತಿರುವು. ಪ್ರತಿ ಮಳೆಗಾಲ ಆ ತಿರುವಿನಲ್ಲಿ ಹೊಸ ಕೊರಕಲು ಬೀಳುತ್ತದೆ. ಎಡಗಡೆಯ ಮುಂದಿನ ಚಕ್ರ ಕೊರಕಲಿಗೆ ಇಳಿದರೆ ಬಲಗಡೆಯ ಹಿಂದಿನ ಚಕ್ರ ನೆಲ ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಡಿಫರೆನ್ಷಿಯಲ್ ಎಂಬ ಯಂತ್ರದ ಗುಣವೇ ಹಾಗೆ. ಯಾವ ಚಕ್ರಕ್ಕೆ ಹಿಡಿತವಿಲ್ಲವೋ ಅದನ್ನೇ ಸುಮ್ಮನೆ ತಿರುಗಿಸುತ್ತದೆ, ಹಿಡಿತವಿರುವ ಚಕ್ರ ನಿಂತೇ ಬಿಡುತ್ತದೆ.

ಇದಕ್ಕೆ ಮದ್ದು ಚಕ್ರಗಳ ಓಡಾಟ ಹೆಚ್ಚಿಸುವುದು. ಚಕ್ರ ತನ್ನ ಮಾಮೂಲಿ ಜಾಗದಿಂದ ಮೇಲೆ ಎಷ್ಟು ಏರಬಲ್ಲದು, ಕೆಳಗೆ ಎಷ್ಟು ಜೋಲಬಲ್ಲದು ಎಂಬುದೇ ವೀಲ್ ಟ್ರಾವೆಲ್. ಇದನ್ನು ಅಳೆಯಲು ಒಂದು ಸರಳ ಪದ್ಧತಿಯಿದೆ. 20 ಡಿಗ್ರಿ ಇಳಿಜಾರಿನ ಹಲಗೆಯ ಮೇಲೆ ಒಂದೇ ಮುಂದಿನ ಚಕ್ರ ಹತ್ತಿಸುತ್ತಾ ಹೋಗಬೇಕು. ಬೇರೆ ಯಾವುದಾದರೂ ಚಕ್ರ ನೆಲ ಬಿಡುವ ಕ್ಷಣಕ್ಕೆ ನಿಲ್ಲಿಸಿ, ಹಲಗೆಯ ಮೇಲೆ ಎಷ್ಟು ದೂರ ಹತ್ತಿತು ಎಂದು ನೋಡಿ, ಅದನ್ನು ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಣ ಅಂತರದಿಂದ ಭಾಗಿಸಿ 1000ದಿಂದ ಗುಣಿಸಿದರೆ ಒಂದು ಅಂಕ ಬರುತ್ತದೆ. ನಮ್ಮ ಜೀಪಿನ ಆ ಅಂತರ 80 ಇಂಚು. ಹತ್ತಿದ್ದು 28 ಇಂಚು. ಅಂಕ 350. ಪರೀಕ್ಷೆಯಲ್ಲಿ ಜಸ್ಟ್ ಪಾಸು ಎಂದುಕೊಂಡೆ.

ಹೋದ ವರ್ಷ ಪೇಟೆಯ ಒಂದು ಗ್ಯಾರೇಜಿನವರ ಮಾತು ಕೇಳಿ ಉದ್ದದ ಶ್ಯಾಕಲ್, ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಜೀಪು ಎದ್ದು ನಿಂತಿತು, ನೋಡಲು ಗಂಭೀರ. ಸ್ಟೀರಿಂಗ್ ಮಾತ್ರ ಅಲೆಯತೊಡಗಿತು. ಈ ಜೀಪಿನಲ್ಲಿ ಮುಂದಿನ ಶ್ಯಾಕಲ್ ಇರುವುದು ಸ್ಪ್ರಿಂಗಿನ ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಆಕ್ಸಲ್ ಕೊಂಚ ಮುಂದಕ್ಕೆ ಹೊರಳುತ್ತದೆ, ಚಕ್ರ ತಾನಾಗಿ ನೇರಕ್ಕೆ ಮರಳುವ ಗುಣ ಕಡಿಮೆಯಾಗುತ್ತದೆ. ಅಷ್ಟನ್ನು ಸಹಿಸಿಕೊಂಡೆ. ನನ್ನ ಗಮನಕ್ಕೆ ಬಾರದೆ ಹೋದದ್ದು ಇನ್ನೊಂದಿತ್ತು. ಹಳೆಯ ಗಿಡ್ಡ ಶಾಕ್ ಅಬ್ಸಾರ್ಬರ್ ಚಕ್ರವನ್ನು ಒಂದು ಮಟ್ಟಕ್ಕಿಂತ ಕೆಳಗೆ ಜೋಲಲು ಬಿಡುತ್ತಿರಲಿಲ್ಲ. ಬ್ರೇಕಿನ ರಬ್ಬರ್ ಹೋಸಿನ ಉದ್ದವೂ ಆ ಮಟ್ಟಕ್ಕೆ ಹೊಂದಿದ್ದೇ ಆಗಿತ್ತು. ಜೂನ್ ತಿಂಗಳ ಒಂದು ಸಂಜೆ ಹಿಂದೆ ಕೆಲಸದ ನಾಲ್ವರು ಹೆಂಗಸರನ್ನು ಕೂರಿಸಿಕೊಂಡು ಅದೇ ತಿರುವು ಇಳಿಯುವಾಗ ಚಕ್ರ ಕೊರಕಲಿಗೆ ಪೂರ್ತಿ ಜೋಲಿತು, ಹೋಸ್ ಹರಿಯಿತು. ಆ ಕಾಲದ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಪೆಡಲ್ ನೆಲಕ್ಕೆ ಹೋಯಿತು. ಲೋ ಗೇರಿನಲ್ಲಿದ್ದುದರಿಂದ ವೇಗವಿರಲಿಲ್ಲ, ಧರೆಗೆ ಒತ್ತಿ ನಿಲ್ಲಿಸಿದೆ. ಯಾರಿಗೂ ಪೆಟ್ಟಾಗಲಿಲ್ಲ. ಹೆಂಗಸರಲ್ಲಿ ಹಿರಿಯರು ಇಳಿದು, "ಏನಾಯ್ತಣ್ಣ, ಮೊದ್ಲು ಸರಿ ಇತ್ತಲ್ಲ?" ಎಂದರು.

ಮೊದಲು ಸರಿ ಇತ್ತೇ? ಇದ್ದರೆ ಯಾವುದಕ್ಕೆ ಸರಿ ಇತ್ತು? ಆ ಮಳೆಗಾಲವಿಡೀ ನಾನು ಸ್ಪ್ರಿಂಗುಗಳ ಚರಿತ್ರೆ ಓದಿದೆ.

ಎಳೆತ ಹೆಚ್ಚಿದಷ್ಟೂ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಲಂಡನ್ನಿನ ಒಬದಾಯ ಎಲಿಯಟ್ ಕುದುರೆಗಾಡಿಗಳಿಗೆಂದು ಉಕ್ಕಿನ ಪಟ್ಟಿಗಳನ್ನು ಅಂಡಾಕಾರಕ್ಕೆ ಜೋಡಿಸಿ ಪೇಟೆಂಟ್ ಪಡೆದದ್ದು 1804ರಲ್ಲಿ. ನಮ್ಮ ಎತ್ತಿನ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ, ಮೈಸೂರಿನ ಜಟಕಾಕ್ಕೆ ಇತ್ತು. ಒಂದು ಮೂಟೆ ಹೊರುವ ಗಾಡಿ, ಇನ್ನೊಂದು ಮನುಷ್ಯರು ಕೂರುವ ಗಾಡಿ. ಮುಂದೆ ಓದಿದ್ದರಲ್ಲೆಲ್ಲ ಈ ಭೇದವೇ ಬೇರೆ ಬೇರೆ ವೇಷದಲ್ಲಿ ಎದುರಾಯಿತು.

ಜೀಪು ಹುಟ್ಟಿದ್ದು ಆತುರದಲ್ಲಿ. 1940ರಲ್ಲಿ ಅಮೆರಿಕದ ಸೇನೆ ಕಾಲು ಟನ್ ಹೊರೆಯ ಪುಟ್ಟ ವಾಹನ ಬೇಕೆಂದು 135 ಕಂಪನಿಗಳನ್ನು ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು ಬರೀ 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಗಡುವಿನೊಳಗೆ ಒಪ್ಪಿಸಿತು, ಆದರೆ ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್ ಮತ್ತು ಫೋರ್ಡಿಗೆ. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಾದವು. ಅಂಥ ಅವಸರದಲ್ಲಿ ಹೊಸ ಬಗೆಯ ಸಸ್ಪೆನ್ಷನ್ ಯೋಚಿಸಲು ಯಾರಿಗೆ ಪುರಸೊತ್ತು? ಎರಡು ಗಟ್ಟಿ ಆಕ್ಸಲ್, ನಾಲ್ಕು ಕಟ್ಟು ಪಟ್ಟಿ. ಪಟ್ಟಿಯ ಕಟ್ಟೇ ಭಾರ ಹೊರುತ್ತದೆ, ಆಕ್ಸಲ್ ಅತ್ತಿತ್ತ ಸರಿಯದಂತೆ ಹಿಡಿಯುತ್ತದೆ. ಪಟ್ಟಿಗಳು ಒಂದಕ್ಕೊಂದು ಉಜ್ಜುವುದರಿಂದ ಕುಣಿತವೂ ತುಸು ತಗ್ಗುತ್ತದೆ. ಒಂದೇ ಸಾಮಾನು, ಮೂರು ಕೆಲಸ. ಮುರಿದರೆ ಕಮ್ಮಾರನೂ ಹೊಂದಿಸಿ ಕೊಡಬಲ್ಲ. ಕೊನೆಗೆ ಕುಲುಮೆಗೆ ಹೋಗಿ ಕತ್ತಿಯಾಗುತ್ತದೆ. ನಮ್ಮ ತೋಟದ ಎರಡು ಕತ್ತಿ ಈ ಜೀಪಿನ ಹಳೆಯ ಪಟ್ಟಿಗಳೇ.

ಯುದ್ಧದ ನಂತರ ಅದೇ ಸೇನೆ ಪುರಸೊತ್ತಾಗಿ ಯೋಚಿಸಿತು. ಫೋರ್ಡ್ ರೂಪಿಸಿದ ಎಂ-151 ಎಂಬ ಗಾಡಿ 1960ರ ಹೊತ್ತಿಗೆ ಬಂತು. ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ಸುರುಳಿ ಸ್ಪ್ರಿಂಗು. ಒಂದು ಚಕ್ರ ಗುಂಡಿಗಿಳಿದರೆ ಪಕ್ಕದ್ದಕ್ಕೆ ಗೊತ್ತೇ ಆಗುವುದಿಲ್ಲ. ಉಬ್ಬುತಗ್ಗಿನಲ್ಲಿ ಹಳೆಯ ಜೀಪಿಗಿಂತ ವೇಗ, ಹಳೆಯದಕ್ಕಿಂತ ಮೃದು. ಆದರೆ ಹಿಂದಿನ ಚಕ್ರ ಜೋಲುವಾಗ ಒಳಮುಖವಾಗಿ ಮಡಿಸಿಕೊಳ್ಳುತ್ತಿತ್ತು. ಹೊರೆಯಿಲ್ಲದೆ ರಭಸದಲ್ಲಿ ತಿರುಗಿಸಿದರೆ ಗಾಡಿ ಮಗುಚುತ್ತಿತ್ತು. ಸೈನಿಕರು ಸತ್ತರು. 1970ರ ಸುಮಾರಿಗೆ ಹಿಂದಿನ ಸಸ್ಪೆನ್ಷನ್ನನ್ನೇ ಬದಲಿಸಿ ಇನ್ನೊಂದು ಮಾದರಿ ತಂದರು. ಆಮೇಲೂ ಭಯ ಹೋಗಲಿಲ್ಲ. ಹಳೆಯದಾದ ಎಂ-151ಗಳನ್ನು ಸಾಮಾನ್ಯರು ಓಡಿಸಬಾರದೆಂದು ಸೇನೆ ಕತ್ತರಿಸಿ ತುಂಡು ಮಾಡಿ ಗುಜರಿಗೆ ಹಾಕುತ್ತಿತ್ತು. ಇದನ್ನು ಓದಿದ ರಾತ್ರಿ ನನ್ನ ಜೀಪಿನ ಹರಿದ ಹೋಸ್ ಕಣ್ಣ ಮುಂದೆ ಬಂತು. ಚಕ್ರಕ್ಕೆ ಹೆಚ್ಚು ಜಾಗ ಕೊಡುವವನು ಆ ಹೆಚ್ಚಿನ ಜಾಗದಲ್ಲಿ ಚಕ್ರ ಏನು ಮಾಡುತ್ತದೆಂದೂ ನೋಡಬೇಕಿತ್ತು.

ಗಟ್ಟಿ ಆಕ್ಸಲನ್ನು ಉಳಿಸಿಕೊಂಡೇ ಮೃದುತ್ವ ತಂದದ್ದು 1970ರ ರೇಂಜ್ ರೋವರ್. ಸ್ಪೆನ್ ಕಿಂಗ್ ಎಂಬ ಎಂಜಿನಿಯರನ ತಂಡ ಪಟ್ಟಿಗಳನ್ನು ಕಿತ್ತು ನಾಲ್ಕು ಉದ್ದನೆಯ ಸುರುಳಿಗಳನ್ನು ಕೂರಿಸಿತು. ಸುರುಳಿ ಭಾರ ಹೊರುತ್ತದೆ ಅಷ್ಟೇ, ಆಕ್ಸಲನ್ನು ಹಿಡಿಯಲಾರದು. ಹಾಗಾಗಿ ಹಿಡಿಯಲು ಬೇರೆ ತೋಳುಗಳು. ಮೆತ್ತನೆಯ ಸುರುಳಿ ಹೊರೆ ಬಿದ್ದರೆ ಕುಗ್ಗುತ್ತದೆ. ಅದಕ್ಕೆ ಹಿಂದೆ ಗಾಡಿಯನ್ನು ತಾನಾಗಿ ಮಟ್ಟಕ್ಕೆ ತರುವ ಇನ್ನೊಂದು ಸಲಕರಣೆ. ಪಟ್ಟಿಯೊಂದೇ ಮಾಡುತ್ತಿದ್ದ ಕೆಲಸಕ್ಕೆ ಮೂರು ಆಳು ಇಟ್ಟ ಹಾಗಾಯಿತು. ಚಕ್ರಗಳು ಅದ್ಭುತವಾಗಿ ಆಡಿದವು ನಿಜ. ಆದರೂ ಅದೇ ಕಂಪನಿ ರೈತರ ಲ್ಯಾಂಡ್ ರೋವರಿಗೆ ಸುರುಳಿ ಕೊಟ್ಟದ್ದು 1983ರಲ್ಲಿ. ಮಧ್ಯದ 13 ವರ್ಷ ಒಬ್ಬರಿಗೆ ಮೆತ್ತಗಿನ ಸವಾರಿ, ಇನ್ನೊಬ್ಬರಿಗೆ ಪಟ್ಟಿ.

ನಮ್ಮಲ್ಲಿ ಈ ಮಧ್ಯಂತರ ಇನ್ನೂ ಉದ್ದ. ಮಹೀಂದ್ರ ಕಂಪನಿ 1945ರಲ್ಲಿ ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಲ್ಲಿ ಶುರುವಾಯಿತು. ದೇಶ ವಿಭಜನೆಯಾದಾಗ ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, ಇಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ವಿಲ್ಲಿಸ್ ಜೀಪುಗಳು ಬಂದವು, ಜೊತೆಗೆ ಪಟ್ಟಿಗಳೂ ಬಂದವು. 2010ರ ಥಾರ್‌ನಲ್ಲೂ ಹಿಂದೆ ಪಟ್ಟಿಯೇ. 2020ರ ಥಾರ್‌ಗೆ ಹಿಂದೆಯೂ ಸುರುಳಿ ಬಂತು. ಆ ಹೊತ್ತಿಗೆ ಅದನ್ನು ಕೊಳ್ಳುವವರೂ ಬದಲಾಗಿದ್ದರು. ಭತ್ತದ ಮೂಟೆ ಹೇರುವವರಿಗಿಂತ ವಾರಾಂತ್ಯಕ್ಕೆ ಬೆಟ್ಟ ಹತ್ತುವವರೇ ಹೆಚ್ಚು. ದೂರುವಂಥದ್ದೇನಲ್ಲ, ಅವರ ಬೆನ್ನೂ ಬೆನ್ನೇ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು ಅಪ್ಪನ ಕಾಲದ ಮೇಸ್ತ್ರಿಯ ಬಳಿ ಹೋದೆ. ಪಟ್ಟಿಗಳನ್ನು ಆಕ್ಸಲಿನ ಕೆಳಗಿಂದ ಮೇಲಕ್ಕೆ ಎತ್ತಿ ಕಟ್ಟಿದರೆ ಹೇಗೆ ಎಂದೆ. "ನಾಲ್ಕೈದು ಇಂಚು ಏಳುತ್ತೆ ಸಾರ್, ಧರೆ ಪಕ್ಕ ಓಡ್ಸೋರಿಗೆ ಅಷ್ಟು ಎತ್ತರ ಬ್ಯಾಡ. ಎಂಜಿನ್ ಎಳೆದಾಗ ಪಟ್ಟಿ ಹಾವಿನ ಥರ ತಿರುಚುತ್ತೆ, ಪ್ರೊಪೆಲ್ಲರ್ ಶಾಫ್ಟ್‌ ಕ್ರಾಸ್ ಹೋಗುತ್ತೆ." ಸುರುಳಿ? ಚೌಕಟ್ಟಿಗೆ ಹೊಸ ಬ್ರಾಕೆಟ್ಟು ಬೆಸೆಯಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಎದುರಿಗಿದೆ. ತಯಾರಕರು ಕೊಟ್ಟ ವಿನ್ಯಾಸವನ್ನು ಹಾಗೆ ಬದಲಿಸುವಂತಿಲ್ಲ. ಇನ್ನು ಹೊರಗಿನ ಜೀಪುಗಳ ಎರಡೂವರೆ ಇಂಚು ಅಗಲದ ಉದ್ದನೆಯ ಪಟ್ಟಿ. ಪಟ್ಟಿಯ ಉದ್ದ ಹತ್ತರಲ್ಲೊಂದು ಪಾಲು ಹೆಚ್ಚಿದರೆ ಬಿಗಿ ಕಾಲುಭಾಗ ಇಳಿಯುತ್ತದೆ, ಲೆಕ್ಕದಲ್ಲಿ ಬಲು ಚೆಂದ. ಆದರೆ ನಮ್ಮ ಪಟ್ಟಿಯ ಅಗಲ ಒಂದೂಮುಕ್ಕಾಲು ಇಂಚು. ಹ್ಯಾಂಗರುಗಳನ್ನೆಲ್ಲ ಕಿತ್ತು ಹಾಕಬೇಕು.

ಮೇಸ್ತ್ರಿ ಪಟ್ಟಿಗಳ ಕಟ್ಟು ಬಿಚ್ಚಿಸಿದರು. ನಡುವೆ ತುಕ್ಕು ಹಿಡಿದು ಅಂಟಿಕೊಂಡಿದ್ದವು. ಎಂಟು ಪಟ್ಟಿ ಒಂದೇ ದಿಮ್ಮಿಯಂತಾಗಿದ್ದರೆ ಚಕ್ರ ಎಲ್ಲಿಂದ ಆಡೀತು? ಉಜ್ಜಿ, ಸೋತ ಪಟ್ಟಿಗಳನ್ನು ಬದಲಿಸಿ, ಬಾಗು ಸರಿಮಾಡಿಸಿ, ಗ್ರೀಸ್ ಹಚ್ಚಿ ಕಟ್ಟಿದರು. ಹಳೆಯ ಗಿಡ್ಡ ಶ್ಯಾಕಲ್ ವಾಪಸ್ ಬಂತು. ಹೊಸ ಬುಷ್ ಬಿದ್ದವು. ಶಾಕ್ ಅಬ್ಸಾರ್ಬರ್ ಮೊದಲಿನದಕ್ಕಿಂತ ಒಂದಿಂಚು ಮಾತ್ರ ಉದ್ದ. ಹೋಸ್ ಅದಕ್ಕೂ ಸಾಕಾಗಿ ಮಿಗುವಷ್ಟು. ಎರಡೂ ಕಡೆ ಚಕ್ರ ಅಳತೆ ಮೀರಿ ಜೋಲದಂತೆ ದಪ್ಪ ಪಟ್ಟೆ ಕಟ್ಟಿದರು.

ಮತ್ತೆ ಹಲಗೆಗೆ ಹತ್ತಿಸಿದೆ. 34 ಇಂಚು ಹೋಯಿತು. ಅಂಕ 425.

ಈಗ ತಿರುವಿನಲ್ಲಿ ಹಿಂದಿನ ಚಕ್ರ ಅಪರೂಪಕ್ಕೆ ಮಾತ್ರ ನೆಲ ಬಿಡುತ್ತದೆ. ಆ ಹಿರಿಯ ಹೆಂಗಸು ಮಾತ್ರ ಹಳ್ಳ ದಾಟಿದ ಕೂಡಲೇ "ನಿಲ್ಸಣ್ಣ" ಎಂದು ಇಳಿದು, ತಿರುವು ಮುಗಿಯುವ ತನಕ ನಡೆದೇ ಬರುತ್ತಾರೆ. ಜೀಪು ಮೇಲೆ ನಿಂತು ಕಾಯುತ್ತದೆ.