ಎರೆನೆಲದ ಎಣ್ಣೆ: ಎಡೆದೊರೆ ನಾಡಿನಲ್ಲಿ ಒಣಚರ್ಮದ ಆರೈಕೆಯ ಚರಿತ್ರೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಭೂಭಾಗವನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದು ಕರೆದಿವೆ. ಅರಸರ ಕಾದಾಟಗಳ ಇತಿಹಾಸದಲ್ಲಿ ಅದು ರಾಯಚೂರು ದೋಆಬ್ ಎಂದು ಹೆಸರಾಗಿದೆ. ಇಂದಿನ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳು ಈ ನಾಡಿಗೆ ಸೇರಿದವು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುವ, ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವ, ಚಳಿಗಾಲದಲ್ಲಿ ಒಣ ಮೂಡಗಾಳಿ ಬೀಸುವ ಈ ಸೀಮೆಯಲ್ಲಿ ಕೈಕಾಲು ಒಡೆಯುವುದು, ಹಿಮ್ಮಡಿ ಬಿರಿಯುವುದು, ವಯಸ್ಸಾದವರ ಮೊಣಕಾಲ ಕೆಳಗಿನ ಚರ್ಮ ಹೊಟ್ಟೆದ್ದು ತುರಿಸುವುದು ಪ್ರತಿ ಮನೆಯೂ ಬಲ್ಲ ಸಂಗತಿಗಳು. ಅದಕ್ಕೆ ಏನನ್ನು ಹಚ್ಚಬೇಕೆಂಬ ಪ್ರಶ್ನೆಗೆ ಇಂದು ಔಷಧದಂಗಡಿ ಉತ್ತರ ಕೊಡುತ್ತದೆ; ಕೆಲವೇ ತಲೆಮಾರುಗಳ ಹಿಂದೆ ಆ ಉತ್ತರ ಹೊಲದಿಂದ ಬರುತ್ತಿತ್ತು. ಮೈಗೆ ಹಚ್ಚುವ ಎಣ್ಣೆ ಯಾವುದೆಂಬುದನ್ನು ಇಲ್ಲಿ ಶಾಸ್ತ್ರಕ್ಕಿಂತ, ಅಭಿರುಚಿಗಿಂತ ಹೆಚ್ಚಾಗಿ ಬೆಳೆಯೇ ನಿರ್ಧರಿಸಿತು, ಬೆಳೆ ಬದಲಾದಾಗ ಮೈಗೆ ಹಚ್ಚುವುದೂ ಬದಲಾಯಿತು.

ಈ ಚರಿತ್ರೆಯನ್ನು ಅರಿಯಲು ಚರ್ಮ ಒಣಗುವ ಬಗೆಯನ್ನು ಮೊದಲು ತಿಳಿಯಬೇಕು. ಚರ್ಮದ ತೀರ ಹೊರಪದರವನ್ನು ವೈದ್ಯರು ಸ್ಟ್ರಾಟಮ್ ಕಾರ್ನಿಯಮ್ ಎನ್ನುತ್ತಾರೆ. ಸತ್ತು ಚಪ್ಪಟೆಯಾದ ಜೀವಕೋಶಗಳು ಗೋಡೆಯ ಕಲ್ಲುಗಳಂತೆ ಕೂತಿದ್ದು, ಅವುಗಳ ಸಂದಿನಲ್ಲಿ ಗಾರೆಯ ಹಾಗೆ ಸೆರಮೈಡ್, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಜಿಡ್ಡಿನ ಪದಾರ್ಥಗಳು ತುಂಬಿರುತ್ತವೆ. ಈ ಜಿಡ್ಡು ಒಳಗಿನ ನೀರು ಆವಿಯಾಗದಂತೆ ತಡೆಯುತ್ತದೆ, ಹೊರಗಿನ ಕ್ಷಾರ, ಧೂಳು, ಸೋಂಕುಗಳನ್ನು ಒಳಗೆ ಬಿಡುವುದಿಲ್ಲ. ವಯಸ್ಸಾದಂತೆ ಚರ್ಮದ ಜಿಡ್ಡು ಕಡಿಮೆಯಾಗುತ್ತದೆ, ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈ ಇಳಿಕೆ ಇನ್ನೂ ಎದ್ದು ಕಾಣುತ್ತದೆ, ಒಮ್ಮೆ ಕೆಟ್ಟ ಪದರ ಮತ್ತೆ ಕೂಡಿಕೊಳ್ಳುವುದಕ್ಕೂ ಹೆಚ್ಚು ದಿನ ಹಿಡಿಯುತ್ತದೆ. ಆದ್ದರಿಂದ ಹರೆಯದಲ್ಲಿ ಏನೂ ಮಾಡದ ಸಾಬೂನು, ಬಿಸಿನೀರು, ಗಾಳಿ ಇವೇ ಮುಪ್ಪಿನಲ್ಲಿ ಉರಿ ತರುತ್ತವೆ.

ಎಣ್ಣೆಗಿಂತ ಮೊದಲು ಈ ನಾಡಿಗೆ ಪರಿಚಯವಾದದ್ದು ಪ್ರಾಯಶಃ ಹಾಲಿನ ಜಿಡ್ಡು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಸಮೀಪದ ಪಿಕ್ಲಿಹಾಳದಲ್ಲಿ 1952ರಲ್ಲಿ ಎಫ್. ಆರ್. ಆಲ್ಚಿನ್ ಅವರು ನಡೆಸಿದ ಉತ್ಖನನವೂ ಮಸ್ಕಿಯಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನವೂ ಈ ನೆಲದಲ್ಲಿ ಬಹು ಹಿಂದಿನಿಂದ ಜನ ನೆಲೆಸಿದ್ದುದನ್ನು ತೋರಿಸಿವೆ. ಪಿಕ್ಲಿಹಾಳದ ನವಶಿಲಾಯುಗದ ಜನ ದನ ಸಾಕಿ ಬದುಕಿದವರು. ಅವರು ಬೆಣ್ಣೆಯನ್ನು ಮೈಗೆ ಹಚ್ಚಿಕೊಂಡಿದ್ದರೆಂದು ಮಡಕೆಯ ಚೂರುಗಳಿಂದ ಹೇಳಲಾಗದು. ದನಗಾರರ ನಾಡಿನಲ್ಲಿ ಬೆಣ್ಣೆ, ತುಪ್ಪ ಕೈಗೆಟುಕುವ ಜಿಡ್ಡುಗಳಾಗಿದ್ದವು ಎಂಬಷ್ಟನ್ನು ಮಾತ್ರ ಊಹಿಸಬಹುದು.

ಬರವಣಿಗೆಯ ಸಾಕ್ಷ್ಯ ಗಟ್ಟಿಯಾಗುವುದು ಕಲ್ಯಾಣದ ಚಾಲುಕ್ಯರ ಕಾಲಕ್ಕೆ. ಅವರ ಆಳ್ವಿಕೆಯಲ್ಲಿ ಎಡೆದೊರೆ ನಾಡೂ ಇತ್ತು. ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು 1025ರ ಸುಮಾರಿಗೆ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆ, ಗಿಡಮರಗಳ ವೈದ್ಯ, ಜಲಶೋಧನೆಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಜಾಗ ದೊರೆತಿದೆ. ಒಂದು ಶತಮಾನದ ತರುವಾಯ ಅದೇ ವಂಶದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಭೋಗಗಳನ್ನು ವರ್ಣಿಸುವಾಗ ಸ್ನಾನವನ್ನೂ ಅಭ್ಯಂಗವನ್ನೂ, ಅಂದರೆ ಎಣ್ಣೆ ಹಚ್ಚಿ ಮೈ ತಿಕ್ಕುವ ಕ್ರಮವನ್ನೂ, ವಿವರವಾಗಿ ಹೇಳುತ್ತದೆ. ಇದರ ಹಿಂದೆ ಆಯುರ್ವೇದದ ಬೆಂಬಲವಿತ್ತು. ವಾಗ್ಭಟನ ‘ಅಷ್ಟಾಂಗಹೃದಯ’ವು ದಿನಚರಿಯ ಭಾಗವಾಗಿ ನಿತ್ಯ ಅಭ್ಯಂಗವನ್ನು ವಿಧಿಸಿ, ಅದು ಮುಪ್ಪನ್ನು, ಆಯಾಸವನ್ನು, ವಾತವನ್ನು ಹಿಂದಕ್ಕೆ ಸರಿಸುತ್ತದೆಂದೂ ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಹಚ್ಚಬೇಕೆಂದೂ ತಿಳಿಸಿದೆ. ಒಣಗುವ ಮೈಯನ್ನೂ ಮುಪ್ಪನ್ನೂ ಒಂದೇ ದೋಷದ ಲೆಕ್ಕಕ್ಕೆ ಸೇರಿಸಿದ ಈ ತಿಳಿವಳಿಕೆ, ಕಾರಣವನ್ನು ಬೇರೆ ಭಾಷೆಯಲ್ಲಿ ಹೇಳಿದರೂ, ಕಂಡದ್ದನ್ನು ಸರಿಯಾಗಿಯೇ ಕಂಡಿತ್ತು.

ಅರಸರು ಎಣ್ಣೆಯನ್ನು ಹೇಗೆ ಬಳಸುತ್ತಿದ್ದರೆಂಬುದಕ್ಕೆ ಈ ದೋಆಬಿಗಾಗಿಯೇ 1520ರಲ್ಲಿ ಕಾದಿ ರಾಯಚೂರನ್ನು ಗೆದ್ದ ಕೃಷ್ಣದೇವರಾಯನ ದಿನಚರಿ ಒಳ್ಳೆಯ ನಿದರ್ಶನ. ಅದೇ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿಟ್ಟಂತೆ, ರಾಯನು ಬೆಳಗಾಗುವ ಮುನ್ನವೇ ಎಳ್ಳೆಣ್ಣೆ ಕುಡಿದು, ಅದೇ ಎಣ್ಣೆಯನ್ನು ಮೈತುಂಬ ಹಚ್ಚಿಸಿಕೊಂಡು, ಭಾರ ಎತ್ತಿ, ಕತ್ತಿ ಬೀಸಿ, ಹಚ್ಚಿದ ಎಣ್ಣೆಯೆಲ್ಲ ಬೆವರಿನೊಡನೆ ಇಳಿಯುವ ತನಕ ಸಾಮು ಮಾಡಿ, ಕುಸ್ತಿ ಹಿಡಿದು, ಕುದುರೆ ಸವಾರಿ ಮುಗಿಸಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದನು. ಅರಮನೆಯ ಎಣ್ಣೆ ಎಳ್ಳಿನದು ಎಂಬುದನ್ನು ಗಮನಿಸಬೇಕು. ಎಳ್ಳು ಶಾಸ್ತ್ರದಲ್ಲಿ ಶ್ರೇಷ್ಠವೆನಿಸಿದ್ದ ಬೆಳೆ. ದೋಆಬಿನ ಒಕ್ಕಲಿನ ಮನೆಯಲ್ಲಿ ಮಾತ್ರ ಎಣ್ಣೆಯೆಂದರೆ ಬಹುಮಟ್ಟಿಗೆ ಕುಸುಬೆಯದು.

ಕುಸುಬೆ ಕರಿ ಎರೆಭೂಮಿಯ ಹಿಂಗಾರಿ ಬೆಳೆ. ಮಳೆ ನಿಂತ ಮೇಲೆ ಎರೆನೆಲ ಹಿಡಿದಿಟ್ಟುಕೊಂಡ ತೇವವೊಂದನ್ನೇ ನೆಚ್ಚಿ, ಆಳಕ್ಕೆ ಬೇರಿಳಿಸಿ ಅದು ಬೆಳೆಯುತ್ತದೆ. ಬಿಳಿಜೋಳದ ನಡುವೆ ಅಕ್ಕಡಿಯಾಗಿ, ಅಂದರೆ ಮುಖ್ಯ ಬೆಳೆಯ ಸಾಲುಗಳ ನಡುವೆ ಬಿಡುವ ಬೇರೆ ಬೆಳೆಯ ಸಾಲಾಗಿ, ಇಲ್ಲವೇ ದನ ನುಗ್ಗದಂತೆ ಹೊಲದ ಅಂಚಿನಲ್ಲಿ ಅದನ್ನು ಬಿತ್ತುತ್ತಿದ್ದರು. ಗಿಡ ಒಣಗಿದಾಗ ಎಲೆಯಂಚಿನ ಮುಳ್ಳು ಸೂಜಿಯಷ್ಟು ಬಿರುಸಾಗುವುದರಿಂದ, ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುವ ನಸುಕಿನಲ್ಲೇ ಕೊಯ್ಲು ನಡೆಯುತ್ತಿತ್ತು. ಬೀಜದ ಸಿಪ್ಪೆ ದಪ್ಪ, ಎಣ್ಣೆ ತೂಕದ ಶೇಕಡಾ 30ರ ಆಸುಪಾಸು; ಹೀಗಾಗಿ ಗಾಣಿಗನ ದುಡಿಮೆಯೂ ಹೆಚ್ಚು. ಗಾಣವೆಂದರೆ ಕಲ್ಲಿನ ಅಥವಾ ಮರದ ದೊಡ್ಡ ಒರಳು. ಅದರ ಗುಂಡಿಯಲ್ಲಿ ಓರೆಯಾಗಿ ನಿಂತ ಮರದ ಒನಕೆ, ಒನಕೆಗೆ ಕೂಡಿಸಿದ ಉದ್ದನೆಯ ತೊಲೆ, ತೊಲೆಯ ಮೇಲೆ ಭಾರಕ್ಕೆ ಹೇರಿದ ಕಲ್ಲು, ತುದಿಯಲ್ಲಿ ಕಣ್ಣು ಕಟ್ಟಿದ ಎತ್ತು. ಎತ್ತು ಸುತ್ತಿದಂತೆ ಒನಕೆ ಒರಳಿನ ಗೋಡೆಗೆ ಬೀಜವನ್ನು ಅರೆಯುತ್ತದೆ. ಗಾಣಿಗನು ನಡುನಡುವೆ ಒಂದಿಷ್ಟು ನೀರು ಚಿಮುಕಿಸುತ್ತಾನೆ. ಎಣ್ಣೆ ಬಸಿದು, ಒರಳಿನ ಸುತ್ತ ಹಿಂಡಿ ಗಟ್ಟಿಕಟ್ಟುತ್ತದೆ. ಹಿಂಡಿ ದನಕ್ಕೆ, ಎಣ್ಣೆ ಮನೆಗೆ. ಗಾಣದಲ್ಲಿ ಬಿಸಿ ಹೆಚ್ಚಾಗಿ ಏರದ ಕಾರಣ ಎಣ್ಣೆಯ ಬಣ್ಣವೂ ವಾಸನೆಯೂ ಉಳಿದುಕೊಳ್ಳುತ್ತಿದ್ದವು.

ಈ ಕಸುಬಿನವರು ಚಾಲುಕ್ಯರ ಕಾಲದಲ್ಲೇ ಸಂಘಟಿತರಾಗಿದ್ದರು. ಕನ್ನಡ ಶಾಸನಗಳಲ್ಲಿ ತೆಲ್ಲಿಗರ ಐವತ್ತೊಕ್ಕಲು ಎಂಬ ವೃತ್ತಿಸಂಘದ ಉಲ್ಲೇಖ ಮತ್ತೆ ಮತ್ತೆ ಬರುತ್ತದೆ. ದೇವಾಲಯದ ನಂದಾದೀವಿಗೆಗೆ, ಅಂದರೆ ಆರದೆ ಉರಿಯುವ ದೀಪಕ್ಕೆ, ಗಾಣವೊಂದಕ್ಕೆ ಸೊಲ್ಲಗೆಯೆಂಬ ಅಳತೆಯ ಎಣ್ಣೆಯನ್ನು ಅವರು ಬಿಟ್ಟುಕೊಡುತ್ತಿದ್ದ ದಾಖಲೆಗಳಿವೆ. ಹನ್ನೆರಡನೆಯ ಶತಮಾನದ ಶರಣರ ಪಟ್ಟಿಯಲ್ಲಿ ಗಾಣದ ಕಣ್ಣಪ್ಪನ ಹೆಸರಿದೆ. ಶಾಸನಗಳು ದೀಪದ ಎಣ್ಣೆಯನ್ನು ಲೆಕ್ಕಕ್ಕೆ ಹಿಡಿದವು, ಮೈಗೆ ಹಚ್ಚಿದ ಎಣ್ಣೆಯನ್ನು ಹಿಡಿಯಲಿಲ್ಲ. ದಾನವಾಗದ ಎಣ್ಣೆಗೆ ಕಲ್ಲಿನ ಮೇಲೆ ಜಾಗವಿರಲಿಲ್ಲ. ಆದರೂ ಒಂದೇ ಗಾಣದ ಎಣ್ಣೆ ದೇವರಿಗೆ, ಒಗ್ಗರಣೆಗೆ, ದೀಪಕ್ಕೆ, ಮೈಗೆ ಹಂಚಿಹೋಗಬೇಕಿತ್ತು ಎಂಬುದನ್ನು ಮರೆಯುವಂತಿಲ್ಲ. ಮೈತುಂಬ ಎಣ್ಣೆ ನಿತ್ಯದ ಮಾತಾಗಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ನರಕ ಚತುರ್ದಶಿಗೆ, ಮದುವೆಯ ಅರಿಶಿಣಕ್ಕೆ, ಬಾಣಂತಿಗೆ ಮತ್ತು ಕೂಸಿಗೆ ಎರೆಯುವಾಗ ಸಿಗುತ್ತಿದ್ದುದು. ದುಡಿಯುವ ಮೈಗೆ, ಅದರಲ್ಲೂ ಕೂಲಿಯ ಮನೆಯ ಮುದುಕಿಯರ ಮೈಗೆ, ಅಂಗೈಯಲ್ಲಿ ಸವರಿಕೊಂಡ ಒಂದೆರಡು ಹನಿಯೇ ಹೆಚ್ಚು. ಹಿಮ್ಮಡಿಯ ಒಡಕಿಗೆ ದಪ್ಪಗಿನ ಔಡಲೆಣ್ಣೆ, ಒಡೆದ ತುಟಿಗೆ ಬೆಣ್ಣೆ, ಉಳಿದ ಮೈಗೆ ಕುಸುಬೆ ಎಂಬ ವಿಂಗಡಣೆಯಲ್ಲಿ ಬಡತನದ ಲೆಕ್ಕಾಚಾರವೂ ಅನುಭವದ ವಿವೇಕವೂ ಬೆರೆತಿದ್ದವು. ಎರೆದುಕೊಳ್ಳುವ ಮುನ್ನ ಎಣ್ಣೆ ಹಚ್ಚುವ ರೂಢಿಗೂ ಅರ್ಥವಿತ್ತು: ಸೀಗೆಪುಡಿ, ಕಡಲೆಹಿಟ್ಟು, ಬಿಸಿನೀರುಗಳು ಮೈಯ ಸ್ವಂತ ಜಿಡ್ಡನ್ನು ಕೀಳುವ ಬದಲು ಹಚ್ಚಿದ ಎಣ್ಣೆಯನ್ನು ಮೊದಲು ಕಳೆಯುತ್ತಿದ್ದವು.

ದೋಆಬ್ 1853ರಲ್ಲಿ ನಿಜಾಮನಿಂದ ಬ್ರಿಟಿಷರ ಆಡಳಿತಕ್ಕೆ ಹೋಗಿ 1860ರಲ್ಲಿ ಮರಳಿತು. ಹೈದರಾಬಾದ್ ಕಂಟಿಂಜೆಂಟಿನ ದಂಡು ಬೀಡುಬಿಟ್ಟಿದ್ದ ಲಿಂಗಸುಗೂರು 1905ರವರೆಗೆ ಒಂದು ಜಿಲ್ಲೆಯ ಕೇಂದ್ರವೂ ಆಗಿತ್ತು. ಸೀಮೆಎಣ್ಣೆ ಬಂದು ಔಡಲೆಣ್ಣೆಯ ದೀಪಗಳನ್ನು ಮೂಲೆಗೆ ಸರಿಸಿದ್ದು, ಸಾಬೂನು ಸೀಗೆಯ ಜಾಗ ಹಿಡಿದದ್ದು ಮುಂದಿನ ದಶಕಗಳ ಮಾತು. ರಾಬರ್ಟ್ ಚೀಸ್‌ಬ್ರೊ 1872ರಲ್ಲಿ ಪೇಟೆಂಟ್ ಪಡೆದ ವ್ಯಾಸಲೀನ್, ಬೊಂಬಾಯಿಯಲ್ಲಿ 1919ರಲ್ಲಿ ಹುಟ್ಟಿದ ಅಫ್ಘಾನ್ ಸ್ನೋ, ಕಲ್ಕತ್ತೆಯಲ್ಲಿ 1929ರಲ್ಲಿ ತಯಾರಾಗತೊಡಗಿದ ಬೋರೋಲಿನ್ ಇವು ಕಾಲಕ್ರಮದಲ್ಲಿ ದೇಶದ ಸಣ್ಣ ಊರುಗಳ ಅಂಗಡಿಗಳನ್ನೂ ತಲುಪಿದವು. ಎಣ್ಣೆ ಹಚ್ಚಿ ತೊಳೆಯುವುದರ ಬದಲು ತೊಳೆದ ಮೇಲೆ ಹಚ್ಚುವುದು ಇವುಗಳೊಂದಿಗೆ ಬಂದ ದೊಡ್ಡ ಬದಲಾವಣೆ.

ನಿರ್ಣಾಯಕವಾದ ತಿರುವು ಮಾತ್ರ ನೀರಿನಿಂದ ಬಂತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಗಿ, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಹೊಲಗಳಿಗೆ ಹರಿದಾಗ, ಜೋಳ ಕುಸುಬೆಗಳ ಜಾಗವನ್ನು ಭತ್ತ ಹಿಡಿಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಸಿಂಧನೂರು ಭತ್ತದ ಕಣಜವೆನಿಸಿತು. ನಿಂತ ತೇವವನ್ನು ನೆಚ್ಚಿದ ಕುಸುಬೆಗೆ ನಿಂತ ನೀರಿನ ಗದ್ದೆ ಒಗ್ಗುವುದಿಲ್ಲ. ಕಾಲುವೆ ಮುಟ್ಟದ ಲಿಂಗಸುಗೂರಿನ ಮತ್ತು ಮಸ್ಕಿಯ ಒಣಬೇಸಾಯದ ಹಳ್ಳಿಗಳಲ್ಲಿ ಎಣ್ಣೆಕಾಳು ಹೆಚ್ಚು ಕಾಲ ಉಳಿದುಕೊಂಡಿತು. ಕಾಲುವೆ ಎಣ್ಣೆಯನ್ನಷ್ಟೇ ಅಲ್ಲ, ಚರ್ಮದ ಬಾಧೆಯನ್ನೂ ಬದಲಿಸಿತು: ದಿನವಿಡೀ ಕೆಸರಿನಲ್ಲಿ ನಿಂತು ನಾಟಿ ಮಾಡುವ ಹೆಂಗಸರ ಬೆರಳ ಸಂದುಗಳು ನೀರಿನಲ್ಲಿ ನೆನೆನೆನೆದು, ಜಿಡ್ಡು ಕಳೆದುಕೊಂಡು, ಸಂಜೆ ಒಣಗಿದಾಗ ಸೀಳುತ್ತವೆ. ಗಾಳಿಯ ಒಣತನಕ್ಕೆ ಮದ್ದಾಗಿದ್ದ ಎಣ್ಣೆ ಹೊಲದಿಂದ ಮರೆಯಾದ ಹೊತ್ತಿನಲ್ಲೇ ಅದರ ಅಗತ್ಯ ಹೆಚ್ಚಿತು. ಈ ನಷ್ಟವನ್ನು ನೀರಾವರಿಯ ಲಾಭದ ಲೆಕ್ಕದಲ್ಲಿ ಯಾರೂ ಸೇರಿಸಲಿಲ್ಲ.

ಪೂರ್ವ ಬಂಗಾಳದಿಂದ ನೆಲೆ ಕಳೆದುಕೊಂಡು ಬಂದವರಿಗೆ ಸಿಂಧನೂರು ತಾಲ್ಲೂಕಿನಲ್ಲಿ ಪುನರ್ವಸತಿ ದೊರೆತು ಆರ್‌ಎಚ್ ಕ್ಯಾಂಪುಗಳು ನೆಲೆಗೊಂಡ ಮೇಲೆ, ಕೂಸಿನಿಂದ ಮುದುಕರವರೆಗೆ ಸಾಸಿವೆ ಎಣ್ಣೆ ಹಚ್ಚುವ ಬಂಗಾಳಿ ಸಂಪ್ರದಾಯ ಇಲ್ಲಿನ ಕುಸುಬೆ, ಶೇಂಗಾ ಸಂಪ್ರದಾಯಗಳ ಮಗ್ಗುಲಿಗೆ ಬಂತು. ಈ ನೆರೆತನ ಅನಿರೀಕ್ಷಿತವಾಗಿ ಒಂದು ವೈಜ್ಞಾನಿಕ ಹೋಲಿಕೆಗೆ ದಾರಿ ಮಾಡುತ್ತದೆ. ಗ್ಯಾರಿ ಡಾರ್ಮ್‌ಸ್ಟಾಟ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಕೆಟ್ಟ ಚರ್ಮದ ಪದರ ಸೂರ್ಯಕಾಂತಿ ಎಣ್ಣೆಯಿಂದ ಬೇಗ ಚೇತರಿಸಿಕೊಂಡಿತು, ಸಾಸಿವೆ ಎಣ್ಣೆಯಿಂದ ಚೇತರಿಕೆ ತಡವಾಯಿತು. ಢಾಕಾದಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೂರ್ಯಕಾಂತಿ ಎಣ್ಣೆ ಹಚ್ಚಿದ ಕೂಸುಗಳಿಗೆ ಆಸ್ಪತ್ರೆಯ ಸೋಂಕು ಶೇಕಡಾ 41ರಷ್ಟು ಕಡಿಮೆಯಾಗಿ ತಗುಲಿತು. ಸೂರ್ಯಕಾಂತಿಯಲ್ಲಿ ಹೇರಳವಾಗಿರುವ ಲಿನೋಲೆಯಿಕ್ ಆಮ್ಲವು ಚರ್ಮದ ಸೆರಮೈಡುಗಳ ತಯಾರಿಕೆಗೆ ಬೇಕಾದ ಕೊಬ್ಬಿನಾಮ್ಲ. ಸಾಂಪ್ರದಾಯಿಕ ಕುಸುಬೆ ಎಣ್ಣೆಯಲ್ಲಿ ಅದರ ಪಾಲು ಶೇಕಡಾ 70ನ್ನೂ ಮೀರುತ್ತದೆ. ಎರೆನೆಲದ ಒಕ್ಕಲು ತಮ್ಮ ಹೊಲ ಕೊಟ್ಟಿದ್ದನ್ನು ಹಚ್ಚಿಕೊಂಡರು, ಹೊಲ ಕೊಟ್ಟಿದ್ದು ಒಳ್ಳೆಯದೇ ಆಗಿತ್ತು.

ಹಾಗೆಂದು ಹಳೆಯದೆಲ್ಲವನ್ನೂ ಹಾಗೆಯೇ ಎತ್ತಿಕೊಳ್ಳಲು ಬರುವುದಿಲ್ಲ. ಎಣ್ಣೆ ನೀರನ್ನು ತಡೆಯುತ್ತದೆ, ತಾನಾಗಿ ನೀರನ್ನು ತರುವುದಿಲ್ಲ; ಆ ಕೆಲಸಕ್ಕೆ ಗ್ಲಿಸರಿನ್‌ನಂಥ ನೀರು ಹಿಡಿಯುವ ದ್ರವ್ಯ ಬೇಕು, ಆದ್ದರಿಂದಲೇ ಸೂಕ್ಷ್ಮವಾದ ಮುಪ್ಪಿನ ಚರ್ಮಕ್ಕೆ ಗ್ಲಿಸರಿನ್, ಸೆರಮೈಡ್, ವ್ಯಾಸಲೀನುಗಳು ಕೂಡಿರುವ, ಸುವಾಸನೆ ಸೇರಿಸದ ಮುಲಾಮನ್ನು ವೈದ್ಯರು ಸೂಚಿಸುತ್ತಾರೆ. ಅದನ್ನು ಮಿಂದ ಕೂಡಲೇ ಮೈ ಇನ್ನೂ ಹಸಿಯಿರುವಾಗ ಹಚ್ಚಿದರೆ ನೀರು ಒಳಗೇ ಉಳಿಯುತ್ತದೆ. ಹೊಸತನ್ನು ಮೊದಲು ಮೊಣಕೈಯ ಒಳಬದಿಯಲ್ಲಿ ಕೆಲವು ದಿನ ಹಚ್ಚಿ ನೋಡುವುದು ಉರಿ, ತುರಿಕೆಗಳನ್ನು ಮುಂಚೆಯೇ ತಿಳಿಸುತ್ತದೆ. ಕುಸುಬೆಯನ್ನೇ ಬಯಸುವವರು ಗಮನಿಸಬೇಕಾದ ಸಂಗತಿಯೆಂದರೆ, ಒಲೆಯಿಕ್ ಆಮ್ಲ ಹೆಚ್ಚಿರುವ ಹೊಸ ತಳಿಗಳ ಎಣ್ಣೆ ಕರಿಯಲು ಉತ್ತಮವಾದರೂ, ಚರ್ಮಕ್ಕೆ ಬೇಕಾದ ಲಿನೋಲೆಯಿಕ್ ಆಮ್ಲ ಅದರಲ್ಲಿ ತೀರ ಕಡಿಮೆ. ಲಿನೋಲೆಯಿಕ್ ತುಂಬಿದ ಹಳೆಯ ಬಗೆಯ ಎಣ್ಣೆಯಾದರೋ ಗಾಳಿಗೆ, ಬಿಸಿಲಿಗೆ ಬೇಗ ಕಮಟುವುದರಿಂದ, ಅದನ್ನು ಸ್ವಲ್ಪ ಸ್ವಲ್ಪವೇ ತಂದು ಬಣ್ಣದ ಸೀಸೆಯಲ್ಲಿ ತಂಪಾದ ಜಾಗದಲ್ಲಿ ಇಡಬೇಕಾಗುತ್ತದೆ.